ಅಲೋ ಒತ್ತಿದ್ದು ಅವರು, ಹೋಗಿದ್ದು ನನ್ನ ನಂಬರ್

ಹೋದ ತಿಂಗಳು ಹಾಸನಕ್ಕೆ ಹೋಗಿದ್ದೆ. ಅಮ್ಮ ಫೋನ್ ಕೈಗಿಟ್ಟು, "ಇದು ಯಾಕೋ ತುಂಬಾ ಬಿಸಿಯಾಗತ್ತೆ, ಸ್ವಲ್ಪ ನೋಡೋ" ಅಂದರು. ಬಿಸಿಯ ಕಾರಣ ಬೇಗ ಸಿಕ್ಕಿತು. ಆಮೇಲೆ ಅಭ್ಯಾಸದಂತೆ ಪರ್ಮಿಷನ್ ಮ್ಯಾನೇಜರ್ ತೆರೆದೆ. ಕಾಂಟ್ಯಾಕ್ಟ್ಸ್ ಓದಲು 23 ಆ್ಯಪ್‌ಗಳಿಗೆ ಅನುಮತಿ ಇತ್ತು. ಅದರಲ್ಲಿ ಒಂದು ಪಂಚಾಂಗದ ಆ್ಯಪ್, ಒಂದು ರಂಗೋಲಿ ಚಿತ್ರಗಳದ್ದು, ಇನ್ನೊಂದು ಫೋಟೊಗೆ ಹೂವಿನ ಚೌಕಟ್ಟು ಹಾಕುವಂಥದ್ದು. ಒಂದೊಂದಾಗಿ ತೆಗೆಯುತ್ತಾ ಹೋದೆ.

"ಅದರಲ್ಲಿ ಏನಿದೆ ಅಂತ ಅಷ್ಟು ತಲೆ ಕೆಡಿಸ್ಕೋತೀಯ? ನಾನೇನು ಮುಚ್ಚಿಡೋದಿದೆ, ನೋಡ್ಕೊಳ್ಳಲಿ ಬಿಡು" ಅಂದರು ಅಮ್ಮ.

ಈ ಮಾತನ್ನು ನಾನು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಓದಿದವರು, ನನ್ನ ಜೊತೆ ಕೆಲಸ ಮಾಡುವವರು ಕೂಡ ಹೇಳುತ್ತಾರೆ. ಉಳಿದ ಪರ್ಮಿಷನ್‌ಗಳ ವಿಷಯದಲ್ಲಿ ಇದಕ್ಕೆ ಒಂದಿಷ್ಟು ಅರ್ಥವಿರಬಹುದು. ನನ್ನ ಲೊಕೇಶನ್ ನನ್ನದು, ಕೊಡುವುದೂ ಬಿಡುವುದೂ ನನ್ನ ಇಷ್ಟ. ಕಾಂಟ್ಯಾಕ್ಟ್ಸ್ ಹಾಗಲ್ಲ. ಅಮ್ಮನ ಫೋನಿನಲ್ಲಿ ಇರುವುದು ಅಮ್ಮನ ಮಾಹಿತಿ ಅಲ್ಲ, ಸುಮಾರು 400 ಬೇರೆ ಜನರ ಮಾಹಿತಿ. ಹೂವಿನವಳು, ಚೀಟಿ ನಡೆಸುವವರು, ಶುಗರ್ ಡಾಕ್ಟರು, ಮೈಸೂರಿನ ಚಿಕ್ಕಮ್ಮ, ನಾನು. ಆ್ಯಪ್ ಅನುಮತಿ ಕೇಳಿದಾಗ ಬರುವ 'ಅಲೋ' ಬಟನ್ ಅಮ್ಮ ಒತ್ತಿದಾಗ ಇವರಲ್ಲಿ ಒಬ್ಬರನ್ನೂ ಯಾರೂ ಕೇಳಿರಲಿಲ್ಲ.

ನಾನು ಬೆಂಗಳೂರಿನಲ್ಲಿ 13 ವರ್ಷದಿಂದ ಮೊಬೈಲ್ ಆ್ಯಪ್ ಬರೆಯುವ ಕೆಲಸದಲ್ಲಿದ್ದೇನೆ. ಆ ಅನುಮತಿ ಸಿಕ್ಕ ಮೇಲೆ ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ. ಆಂಡ್ರಾಯ್ಡ್‌ನಲ್ಲಿ ಕಾಂಟ್ಯಾಕ್ಟ್ಸ್ ಓದುವ ಪರ್ಮಿಷನ್ ಅಂದರೆ ಇಡೀ ಪುಸ್ತಕ. ಹೆಸರು, ಎಲ್ಲ ನಂಬರ್‌ಗಳು, ಇಮೇಲ್, ವಿಳಾಸ, ಹುಟ್ಟಿದ ದಿನ, ನೀವು ಪಕ್ಕದಲ್ಲಿ ಬರೆದುಕೊಂಡ ಟಿಪ್ಪಣಿ, ಎಲ್ಲವೂ. ಆ್ಯಪ್ ಅದನ್ನು ಓದಲು ಒಂದೆರಡು ಸೆಕೆಂಡ್ ಸಾಕು. ಓದಿ ತನ್ನ ಸರ್ವರ್‌ಗೆ ಕಳಿಸಿತು ಅಂದರೆ ನಿಮ್ಮ ಫೋನಿನ ಕಾವಲು ಅಲ್ಲಿಗೆ ಮುಗಿಯಿತು. ನಾಳೆ ನೀವು ಆ್ಯಪ್ ಕಿತ್ತುಹಾಕಿದರೂ ಅಲ್ಲಿರುವ ನಕಲು ಅಲ್ಲೇ ಇರುತ್ತದೆ.

ಎಷ್ಟೋ ಸಲ ಈ ಪರ್ಮಿಷನ್ ಬೇಕಾಗಿರುವುದೇ ಇಲ್ಲ. ಒಬ್ಬರಿಗೆ ರೀಚಾರ್ಜ್ ಮಾಡಬೇಕು ಅಂದುಕೊಳ್ಳಿ. ಆ್ಯಪ್ ಫೋನಿನದೇ ಕಾಂಟ್ಯಾಕ್ಟ್ ಪಟ್ಟಿಯನ್ನು ತೆರೆದು ತೋರಿಸಬಹುದು, ನೀವು ಒಬ್ಬರನ್ನು ಆರಿಸಿದರೆ ಆ ಒಬ್ಬರ ನಂಬರ್ ಮಾತ್ರ ಆ್ಯಪ್‌ಗೆ ಸಿಗುತ್ತದೆ. ಯಾವ ಪರ್ಮಿಷನ್ನೂ ಬೇಡ. ಆಂಡ್ರಾಯ್ಡ್‌ನಲ್ಲಿ ಈ ದಾರಿ ಬಹಳ ಹಿಂದಿನಿಂದ ಇದೆ, ಬರೆಯಲು ಹತ್ತು ಸಾಲು ಕೋಡ್ ಸಾಕು. ಇಷ್ಟು ಸುಲಭದ ದಾರಿ ಬಿಟ್ಟು ಇಡೀ ಪುಸ್ತಕ ಕೇಳುವ ಆ್ಯಪ್‌ಗೆ ಆ ಪುಸ್ತಕವೇ ಬೇಕಾಗಿರುತ್ತದೆ.

ಇದು ಹೊಸ ಚಾಳಿ ಅಲ್ಲ. 2012ರ ಫೆಬ್ರುವರಿಯಲ್ಲಿ ಪಾತ್ ಎಂಬ ಸೋಶಿಯಲ್ ಆ್ಯಪ್ ಐಫೋನ್‌ಗಳಿಂದ ಇಡೀ ಅಡ್ರೆಸ್ ಬುಕ್ ಅನ್ನು ಕೇಳದೆ ತನ್ನ ಸರ್ವರ್‌ಗೆ ಏರಿಸುತ್ತಿರುವುದನ್ನು ಒಬ್ಬ ಡೆವಲಪರ್ ಪತ್ತೆ ಹಚ್ಚಿದ. ಆಗ ಐಫೋನ್‌ನಲ್ಲಿ ಇದಕ್ಕೆ ಅನುಮತಿ ಕೇಳುವ ಪದ್ಧತಿಯೇ ಇರಲಿಲ್ಲ. ಕಂಪನಿ ಕ್ಷಮೆ ಕೇಳಿ ಏರಿಸಿದ್ದನ್ನು ಅಳಿಸಿತು. ಅದೇ ವರ್ಷ ಐಓಎಸ್ 6ರಲ್ಲಿ ಆ್ಯಪಲ್ ಅನುಮತಿಯ ಕಿಟಕಿ ತಂದಿತು. ಆಂಡ್ರಾಯ್ಡ್‌ನಲ್ಲಿ 2015ರ 6.0 ಆವೃತ್ತಿಯವರೆಗೂ ಇನ್‌ಸ್ಟಾಲ್ ಮಾಡುವಾಗ ಒಂದು ಉದ್ದದ ಪಟ್ಟಿ ಬರುತ್ತಿತ್ತು. ಎಲ್ಲಕ್ಕೂ ಹೂಂ ಅನ್ನಬೇಕು, ಇಲ್ಲದಿದ್ದರೆ ಆ್ಯಪ್ ಇಲ್ಲ. 2024ರ ಐಓಎಸ್ 18ರಲ್ಲಿ ಇನ್ನೊಂದು ಒಳ್ಳೆಯ ಬದಲಾವಣೆ ಬಂತು. ಎಲ್ಲರನ್ನೂ ಕೊಡುವ ಬದಲು ಬೇಕಾದ ಕೆಲವರನ್ನಷ್ಟೇ ಆರಿಸಿ ಆ್ಯಪ್‌ಗೆ ತೋರಿಸಬಹುದು.

ಈಗ ನನ್ನದೇ ಒಂದು ಅನುಭವ. 2016ರಲ್ಲಿ ಕೋರಮಂಗಲದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕೂಪನ್ ಮಾರುವ ಆ್ಯಪ್. ಗ್ರೋತ್ ಟೀಮಿನವರು ಬಂದು, "ಕಾಂಟ್ಯಾಕ್ಟ್ಸ್ ತಗೊಳ್ಳೋಣ, ಫ್ರೆಂಡ್ಸ್‌ಗೆ ಇನ್ವೈಟ್ ಕಳಿಸೋಕೆ ಆಗತ್ತೆ" ಅಂದರು. ಎರಡು ದಿನದ ಕೆಲಸ. ಬರೆದೆ. ಆ್ಯಪ್ ತೆರೆದಾಗಲೆಲ್ಲ ಹೊಸದಾಗಿ ಸೇರಿದ ನಂಬರ್‌ಗಳು ಸರ್ವರ್‌ಗೆ ಹೋಗುತ್ತಿದ್ದವು. ಮೂರು ವಾರದ ಮೇಲೆ ಯಾವುದೋ ತಪ್ಪು ಹುಡುಕಲು ಡೇಟಾಬೇಸ್‌ನ ಆ ಟೇಬಲ್ ತೆರೆದೆ.

ಆ ಸಾಲುಗಳು ನನಗೆ ಇವತ್ತಿಗೂ ಮರೆತಿಲ್ಲ. ಜನ ಫೋನಿನಲ್ಲಿ ಬರೀ ಹೆಸರು ಬರೆದುಕೊಳ್ಳುವುದಿಲ್ಲ ಅಲ್ವಾ? 'ಕೀಮೋ ವಾರ್ಡ್ ಸಿಸ್ಟರ್'. 'ಡಿವೋರ್ಸ್ ಲಾಯರ್'. ಒಬ್ಬರ ಹೆಸರಿನ ಮುಂದೆ 'ಸಾಲ ವಾಪಸ್ ಕೊಟ್ಟಿಲ್ಲ'. ಇನ್ನೊಬ್ಬರ ಮುಂದೆ 'ಎತ್ತಬೇಡ'. ಇವೆಲ್ಲ ಮನೆಯೊಳಗಿನ ಮಾತು. ಇಪ್ಪತ್ತು ಪರ್ಸೆಂಟ್ ರಿಯಾಯಿತಿಯ ಪಿಜ್ಜಾ ಕೂಪನ್‌ಗೆ ಇದರಿಂದ ಏನಾಗಬೇಕು? ಸುಮ್ನೆ ನನ್ನ ಸ್ವಂತ ನಂಬರ್ ಹಾಕಿ ಹುಡುಕಿದೆ. ಏಳು ಸಾಲು ಬಂತು. ಒಂದು ಕಡೆ 'ಅಣ್ಣ', ಒಂದು ಕಡೆ 'ಮೇಲಿನ ಮನೆ ಸಾಫ್ಟ್‌ವೇರ್'. ನನ್ನ ಸ್ವಂತ ಫೋನಿನಲ್ಲಿ ಆ ಆ್ಯಪ್ ಇರಲೇ ಇಲ್ಲ. ಆದರೂ ನನ್ನ ತಂಗಿ ಯಾರು, ನಾನು ಯಾವ ಮಹಡಿಯಲ್ಲಿದ್ದೇನೆ, ಏನು ಕೆಲಸ ಮಾಡುತ್ತೇನೆ ಎಂದು ಹೇಳುವಷ್ಟು ಅಲ್ಲಿತ್ತು. ಅದನ್ನು ಸೇರಿಸಿದ ಕೋಡ್ ನಾನೇ ಬರೆದದ್ದು.

ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. "ಯೂಸರ್ ಅಲೋ ಒತ್ತಿದ್ದಾರಲ್ಲ" ಅಂದರು. "ಎಲ್ಲರೂ ಮಾಡೋದೇ" ಅಂತಲೂ ಅಂದರು. ನಾನು ಅಲ್ಲಿ ಇನ್ನೂ ಗಟ್ಟಿಯಾಗಿ ವಾದ ಮಾಡಬೇಕಿತ್ತು, ಮಾಡಲಿಲ್ಲ. ಅದರ ಬೇಸರ ನನಗೆ ಈಗಲೂ ಇದೆ. ಎರಡು ವರ್ಷದಲ್ಲಿ ಕಂಪನಿ ಮುಚ್ಚಿತು. ಕುರ್ಚಿ, ಲ್ಯಾಪ್‌ಟಾಪ್ ಜೊತೆ ಡೇಟಾಬೇಸ್ ಕೂಡ ಆಸ್ತಿಯ ಪಟ್ಟಿಯಲ್ಲಿ ಸೇರಿ ಬೇರೆಯವರ ಕೈಗೆ ಹೋಯಿತು.

"ನಾವು ನಂಬರ್ ಇಟ್ಟುಕೊಳ್ಳಲ್ಲ, ಅದರ ಹ್ಯಾಶ್ ಮಾತ್ರ ಇಟ್ಟುಕೊಳ್ತೀವಿ" ಎನ್ನುವುದು ಈ ಉದ್ಯಮದ ಇನ್ನೊಂದು ಸಮಜಾಯಿಷಿ. ಇದು ಕೇಳಲು ಭದ್ರವಾಗಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹ್ಯಾಶ್ ಅಂದರೆ ನಂಬರನ್ನು ಒಂದು ಲೆಕ್ಕದ ಸೂತ್ರಕ್ಕೆ ಹಾಕಿ ಗುರುತು ಸಿಗದ ಅಕ್ಷರಗಳ ಸಾಲಾಗಿಸುವುದು, ರಾಗಿ ಬೀಸಿದ ಹಾಗೆ. ಕಾಳಿನಿಂದ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಕಾಳು ಬರುವುದಿಲ್ಲ. ಒಂದೇ ನಂಬರ್ ಬೀಸಿದರೆ ಪ್ರತಿ ಸಲವೂ ಒಂದೇ ಹಿಟ್ಟು. ಒಳ್ಳೆಯ ಪಾಸ್‌ವರ್ಡ್‌ಗೆ ಇದು ಕೆಲಸ ಮಾಡುತ್ತದೆ, ಏಕೆಂದರೆ ಅಂಥ ಪಾಸ್‌ವರ್ಡ್ ಏನು ಬೇಕಾದರೂ ಇರಬಹುದು. ಫೋನ್ ನಂಬರ್ ಹಾಗಲ್ಲ. ನಮ್ಮ ದೇಶದ ಮೊಬೈಲ್ ನಂಬರ್‌ಗೆ 10 ಅಂಕಿ, ಮೊದಲ ಅಂಕಿ 6, 7, 8 ಅಥವಾ 9. ಅಂದರೆ ಒಟ್ಟು ಸಾಧ್ಯವಿರುವುದೇ 400 ಕೋಟಿ ನಂಬರ್. ಅಷ್ಟನ್ನೂ ಮೊದಲೇ ಬೀಸಿ ಪಟ್ಟಿ ಮಾಡಿಟ್ಟುಕೊಂಡರೆ ಯಾವ ಹಿಟ್ಟು ಯಾವ ಕಾಳಿನದು ಎಂದು ನೋಡಿ ಹೇಳಬಹುದು. ಗೇಮ್ ಆಡಲು ಕೊಳ್ಳುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಸಾಮಾನ್ಯ ಹ್ಯಾಶ್‌ನಲ್ಲಿ 400 ಕೋಟಿ ಕೆಲವು ಸೆಕೆಂಡಿನ ಕೆಲಸ. ಲ್ಯಾಪ್‌ಟಾಪ್ ಆದರೂ ಕಾಫಿ ಆರುವಷ್ಟರಲ್ಲಿ ಮುಗಿಸುತ್ತದೆ. ಹಾಗಾಗಿ "ಹ್ಯಾಶ್ ಮಾಡಿದ್ದೇವೆ" ಎಂಬ ಒಂದೇ ಮಾತಿನಿಂದ ನಾನು ಸಮಾಧಾನಗೊಳ್ಳುವುದಿಲ್ಲ.

ಹಾಗಾದರೆ ನಿಮ್ಮ ಸ್ನೇಹಿತರಲ್ಲಿ ಯಾರು ಆ ಆ್ಯಪ್‌ನಲ್ಲಿದ್ದಾರೆ ಎಂದು ಹೇಗೆ ತೋರಿಸುವುದು? ಕಷ್ಟವೇ, ಆದರೆ ದಾರಿ ಇದೆ. ಸಿಗ್ನಲ್ ಎಂಬ ಮೆಸೇಜ್ ಆ್ಯಪ್ 2017ರಲ್ಲಿ ಸರ್ವರ್‌ನ ಪ್ರೊಸೆಸರ್ ಒಳಗೇ ಬೀಗ ಹಾಕಿದ ಒಂದು ಭಾಗದಲ್ಲಿ ನಂಬರ್ ಹೋಲಿಸುವ ವ್ಯವಸ್ಥೆ ತಂದಿತು. ಸರ್ವರ್ ನಡೆಸುವವರಿಗೇ ಆ ಪಟ್ಟಿ ಕಾಣಬಾರದು ಎಂಬುದು ಉದ್ದೇಶ. 2024ರಲ್ಲಿ ಯೂಸರ್‌ನೇಮ್ ತಂದು, ನಂಬರ್ ಹೇಳದೆಯೇ ಮಾತು ಶುರು ಮಾಡುವ ಹಾಗೆ ಮಾಡಿತು. ಇದಕ್ಕೆ ಖರ್ಚಿದೆ, ತಲೆನೋವಿದೆ. ಲಾಭಕ್ಕಲ್ಲದೆ ನಡೆಯುವ ಒಂದು ಸಂಸ್ಥೆ ಇಷ್ಟು ಮಾಡಬಹುದಾದರೆ ಸಾವಿರಾರು ಕೋಟಿ ಲಾಭ ಮಾಡುವವರು "ಆಗಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕಾಂಟ್ಯಾಕ್ಟ್ ಹೋಲಿಸುವ ಈ ಸೌಲಭ್ಯ ಹೊರಗಿನವರಿಗೂ ಬಾಗಿಲಾಗುತ್ತದೆ. ಫೇಸ್‌ಬುಕ್‌ನಲ್ಲಿ ನಂಬರ್ ಏರಿಸಿದರೆ ಅದು ಯಾರದ್ದು ಎಂದು ತೋರಿಸುತ್ತಿತ್ತು. ಕೆಲವರು ಅದಕ್ಕೆ ರಾಶಿರಾಶಿ ನಂಬರ್ ತುಂಬಿ ಹೆಸರುಗಳನ್ನು ಬಾಚಿಕೊಂಡರು. 53 ಕೋಟಿಗೂ ಜಾಸ್ತಿ ಜನರ ನಂಬರ್ ಮತ್ತು ಹೆಸರು 2021ರ ಏಪ್ರಿಲ್‌ನಲ್ಲಿ ಪುಕ್ಕಟೆಯಾಗಿ ಹೊರಬಿತ್ತು. ಐರ್ಲೆಂಡಿನ ಡೇಟಾ ರಕ್ಷಣಾ ಆಯೋಗ ಮರುವರ್ಷ ಫೇಸ್‌ಬುಕ್‌ನ ಕಂಪನಿಗೆ 26.5 ಕೋಟಿ ಯೂರೊ ದಂಡ ಹಾಕಿತು. 2025ರ ನವೆಂಬರ್‌ನಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ವಾಟ್ಸ್‌ಆ್ಯಪ್‌ನಲ್ಲೂ ಇದೇ ದಾರಿಯನ್ನು ತೋರಿಸಿದರು. ಗಂಟೆಗೆ 10 ಕೋಟಿ ನಂಬರ್‌ಗಿಂತ ಜಾಸ್ತಿ ಕೇಳಿದರೂ ಯಾರೂ ತಡೆಯಲಿಲ್ಲ. ಸುಮಾರು 350 ಕೋಟಿ ಖಾತೆಗಳನ್ನು ಅವರು ಎಣಿಸಿದರು. ಅವರು ಒಳ್ಳೆಯವರು, ಕಂಪನಿಗೆ ತಿಳಿಸಿ ಸರಿಪಡಿಸಲು ಬಿಟ್ಟರು. ಬಾಗಿಲು ತೆರೆದಿದ್ದಾಗ ಬಂದವರೆಲ್ಲ ಅಂಥವರೇ ಆಗಿರಬೇಕಿಲ್ಲ.

ಇನ್ನು ಖಾತೆಯೇ ತೆರೆಯದವರ ಕಥೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಬೆನ್ ಲುಹಾನ್ ಎಂಬ ಸದಸ್ಯರು ಮಾರ್ಕ್ ಜುಕರ್‌ಬರ್ಗ್ ಅವರನ್ನು ಇದನ್ನೇ ಕೇಳಿದರು. ಫೇಸ್‌ಬುಕ್ ಸೇರದವರ ಮಾಹಿತಿಯನ್ನೂ ಭದ್ರತೆಗಾಗಿ ಸಂಗ್ರಹಿಸುತ್ತೇವೆ ಎಂದು ಅವರು ಒಪ್ಪಿಕೊಂಡರು. ನಾನು ಆ ಟೇಬಲ್‌ನಲ್ಲಿ ನೋಡಿದ ಏಳು ಸಾಲುಗಳ ದೊಡ್ಡ ರೂಪ ಎಷ್ಟಿರಬಹುದು ಎಂದು ಆಗ ಅನಿಸಿತ್ತು.

ನಮ್ಮಲ್ಲಿ ಇದರ ಕ್ರೂರ ಮುಖ ಕಂಡಿದ್ದು ಸಾಲದ ಆ್ಯಪ್‌ಗಳಲ್ಲಿ. ಐದು ಸಾವಿರ ಸಾಲ ಕೊಡುವ ನೆಪದಲ್ಲಿ ಕಾಂಟ್ಯಾಕ್ಟ್ಸ್ ತೆಗೆದುಕೊಂಡು, ಕಂತು ತಪ್ಪಿದ ಕೂಡಲೇ ಅತ್ತೆಮನೆಯವರಿಗೆ, ಆಫೀಸಿನವರಿಗೆ ಫೋನ್ ಮಾಡಿ ಮಾನ ಕಳೆಯುತ್ತಿದ್ದರು. ಹೆದರಿ ಜೀವ ಕಳೆದುಕೊಂಡವರಿದ್ದಾರೆ. ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲಿ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲ್‌ಗಳನ್ನು ಮುಟ್ಟಬಾರದು ಎಂದಿತು. ಗೂಗಲ್ ಪ್ಲೇ ಸ್ಟೋರ್ ಕೂಡ 2023ರ ಮೇ 31ರಿಂದ ಇಂಥ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್ಸ್ ಮತ್ತು ಫೋಟೊ ಬಾಗಿಲು ಮುಚ್ಚಿತು. ಪ್ಲೇ ಸ್ಟೋರ್ ಬಿಟ್ಟು ಲಿಂಕ್ ಮೂಲಕ ಬರುವ ಆ್ಯಪ್‌ಗಳಿಗೆ ಈ ಬೀಗ ತಾಗುವುದಿಲ್ಲ. ಲಿಂಕ್ ಕಳಿಸಿ ಸಾಲ ಕೊಡುತ್ತೇವೆ ಅಂದರೆ ಮುಟ್ಟಲೇಬೇಡಿ.

ಕಾನೂನಿನ ಕಡೆಯಿಂದ ಒಂದು ಸಂತೋಷದ ಸುದ್ದಿ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆರು ವರ್ಷದ ಮೇಲೆ, 2023ರಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂತು. ಅದರ ಒಳಗೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಒಬ್ಬರು ಡಾಕ್ಟರ್ ಸಲಹೆ ಕೊಡುವ ಆ್ಯಪ್ ಹಾಕಿಕೊಳ್ಳುತ್ತಾರೆ. ಆ್ಯಪ್ ಕಾಂಟ್ಯಾಕ್ಟ್ಸ್ ಕೂಡ ಕೇಳುತ್ತದೆ, ಅವರು ಒಪ್ಪುತ್ತಾರೆ. ವೈದ್ಯಕೀಯ ಸಲಹೆಗೆ ಕಾಂಟ್ಯಾಕ್ಟ್ಸ್ ಬೇಕಿಲ್ಲ, ಆದ್ದರಿಂದ ಆ ಒಪ್ಪಿಗೆ ಅಷ್ಟರ ಮಟ್ಟಿಗೆ ನಡೆಯುವುದಿಲ್ಲ ಎನ್ನುತ್ತದೆ ಕಾಯ್ದೆ. ನನ್ನ ಹಳೆಯ ಮ್ಯಾನೇಜರ್ ಹೇಳಿದ "ಅಲೋ ಒತ್ತಿದ್ದಾರಲ್ಲ" ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು 18 ತಿಂಗಳ ಮೇಲೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಒಂದು ಕೊರತೆ ನನಗೆ ಕಾಣುತ್ತದೆ. ಆ ಉದಾಹರಣೆಯಲ್ಲಿ ಮಾತು ನಡೆಯುವುದು ಫೋನ್ ಹಿಡಿದವರ ಒಪ್ಪಿಗೆಯ ಬಗ್ಗೆ. ಫೋನ್‌ಬುಕ್ ಒಳಗಿರುವ 400 ಜನರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಇದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವಸಿ, ಅಲ್ಲಿ ಪರ್ಮಿಷನ್ ಮ್ಯಾನೇಜರ್, ಅದರೊಳಗೆ ಕಾಂಟ್ಯಾಕ್ಟ್ಸ್ ತೆರೆಯಿರಿ. ಫೋನ್ ಮಾಡುವ ಆ್ಯಪ್, ಮೆಸೇಜ್ ಆ್ಯಪ್ ಬಿಟ್ಟು ಉಳಿದದ್ದನ್ನೆಲ್ಲ ಒಮ್ಮೆ ತೆಗೆದು ನೋಡಿ. ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸುವುದಕ್ಕೆ ಕಾಂಟ್ಯಾಕ್ಟ್ಸ್ ಬೇಕಾಗಿಲ್ಲ. ಆಟೊ ಕರೆಯಲು, ಊಟ ತರಿಸಲು ಬೇಡವೇ ಬೇಡ. ಏನಾದರೂ ನಿಂತುಹೋದರೆ ಆಗ ವಾಪಸ್ ಕೊಡಬಹುದು. ಅಮ್ಮನ ಫೋನಿನಲ್ಲಿ 23ರಲ್ಲಿ 20 ತೆಗೆದೆ, ಇವತ್ತಿನವರೆಗೂ ಏನೂ ನಿಂತಿಲ್ಲ.

ಸಂಜೆ ಅಮ್ಮ, "ಈಗಾಗ್ಲೇ ಹೋಗಿರೋದು ವಾಪಸ್ ಬರತ್ತೇನೋ?" ಅಂತ ಕೇಳಿದರು. ಪರ್ಮಿಷನ್ ತೆಗೆದರೆ ಹೋದದ್ದು ಅಳಿಯುವುದಿಲ್ಲ. ಫೇಸ್‌ಬುಕ್‌ನಂಥ ದೊಡ್ಡವರು ಏರಿಸಿದ ಕಾಂಟ್ಯಾಕ್ಟ್ಸ್ ಅಳಿಸಲು ಒಂದು ಪುಟ ಇಟ್ಟಿದ್ದಾರೆ. ಮೊದಲು ಆ್ಯಪ್ ಒಳಗಿನ ಕಾಂಟ್ಯಾಕ್ಟ್ಸ್ ಅಪ್‌ಲೋಡ್ ಆಫ್ ಮಾಡಿ, ಆಮೇಲೆ ಅಳಿಸಿ. ಹಿಂದುಮುಂದಾದರೆ ಮತ್ತೆ ಏರಿಬಿಡುತ್ತದೆ. ಆ ರಂಗೋಲಿ ಆ್ಯಪ್‌ಗೆ ಅಂಥ ಪುಟ ಇರಲಿಲ್ಲ. ಪ್ಲೇ ಸ್ಟೋರ್‌ನಲ್ಲಿದ್ದ ಅವರ ಇಮೇಲ್ ವಿಳಾಸಕ್ಕೆ ನಮ್ಮ ಕಾಂಟ್ಯಾಕ್ಟ್ಸ್ ಅಳಿಸಿ ಎಂದು ಅಮ್ಮನ ಹೆಸರಲ್ಲಿ ಬರೆದಿದ್ದೇನೆ.