ಟ್ಯಾಂಕಿನಲ್ಲಿ ಕರಗಿದ ಒಂದು ಉಪ್ಪಿನ ಹರಳು

ತಾರಸಿಯ ಮೇಲಿನ 1000 ಲೀಟರಿನ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ. ಅದರ ತುಂಬ ನೀರಿದೆ. ಅದಕ್ಕೆ ಪುಡಿ ಉಪ್ಪಿನ ಒಂದು ಹರಳು ಹಾಕಿ. ಚಿಟಿಕೆ ಅಲ್ಲ, ಒಂದೇ ಹರಳು. ಅದು ಪೂರ್ತಿ ಕರಗಿ ಬೆರೆತ ಮೇಲೆ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 60 ಪಿಕೊಗ್ರಾಂ ಉಪ್ಪು ಇರುತ್ತದೆ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಿಕೊಗ್ರಾಂ.

2018ರ ಡಿಸೆಂಬರ್‌ನಲ್ಲಿ ಅಮೆರಿಕದ ಫೈಟರ್ ಜಾನ್ ಜೋನ್ಸ್ ಅವರ ಮೂತ್ರದಲ್ಲಿ ನಿಷೇಧಿತ ಸ್ಟೆರಾಯ್ಡ್ ಒಂದರ ಅಂಶ ಸಿಕ್ಕಿತು. ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ವಿಚಾರಣೆ ನಡೆಸಲು ಸಮಯ ಸಾಲದು ಎಂದಿತು ಲಾಸ್ ವೇಗಸ್ ಇರುವ ನೆವಾಡಾ ರಾಜ್ಯ. ಇನ್ನು ಆರೇ ದಿನ ಇದೆ ಅನ್ನುವಾಗ ಅವರು ಆಡಬೇಕಿದ್ದ ಇಡೀ ಯುಎಫ್‌ಸಿ 232 ಪಂದ್ಯಕೂಟ (ಯುಎಫ್‌ಸಿ ಅಂದರೆ ಇಂಥ ಪಂದ್ಯ ನಡೆಸುವ ಅಮೆರಿಕದ ಸಂಸ್ಥೆ) ಲಾಸ್ ವೇಗಸ್ ಬಿಟ್ಟು ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ಗೆ ಹೋಯಿತು. ಟಿಕೆಟ್, ಹೋಟೆಲ್ ಎಲ್ಲ ಬುಕ್ ಮಾಡಿದ್ದ ಜನರ ಕಷ್ಟ ಯೋಚಿಸಿ.

ಜೋನ್ಸ್ ಸಾಮಾನ್ಯ ಆಟಗಾರರಲ್ಲ. ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್‌ನಲ್ಲಿ, ಅಂದರೆ ಗುದ್ದು, ಒದೆತ, ಕುಸ್ತಿ ಎಲ್ಲವೂ ಸೇರಿದ ಈ ಆಟದಲ್ಲಿ, ಅವರಷ್ಟು ಚೆನ್ನಾಗಿ ಆಡುವವರನ್ನು ನಾನಂತೂ ನೋಡಿಲ್ಲ. 2011ರ ಮಾರ್ಚ್‌ನಲ್ಲಿ ಮೌರಿಸಿಯೊ ‘ಶೋಗುನ್’ ಹುವಾ ಅವರನ್ನು ಸೋಲಿಸಿ 23ನೇ ವಯಸ್ಸಿಗೇ ಯುಎಫ್‌ಸಿ ಚಾಂಪಿಯನ್ ಆದರು. ಅಷ್ಟು ಚಿಕ್ಕ ವಯಸ್ಸಿನ ಚಾಂಪಿಯನ್ ಅಲ್ಲಿ ಅದುವರೆಗೆ ಇರಲಿಲ್ಲ. ಕೈ ಚಾಚಿ ನಿಂತರೆ ನಮ್ಮಲ್ಲಿ ಬಹಳ ಜನರ ಅಳತೆ ಎತ್ತರದಷ್ಟೇ ಬರುತ್ತದೆ. ಜೋನ್ಸ್ ಎತ್ತರ 193 ಸೆಂ.ಮೀ., ಚಾಚಿದ ಕೈಗಳ ಅಳತೆ ಸುಮಾರು 215 ಸೆಂ.ಮೀ. ಎದುರಾಳಿಯ ಕೈ ಇವರನ್ನು ಮುಟ್ಟುವ ಮೊದಲೇ ಇವರ ಮೊಣಕೈ ಅವನ ಮುಖದ ಮೇಲಿರುತ್ತಿತ್ತು. ದಾಖಲೆಯಲ್ಲಿರುವುದು ಒಂದೇ ಸೋಲು. ಅದು 2009ರಲ್ಲಿ, ಮೊಣಕೈಯನ್ನು ನೇರ ಮೇಲಿಂದ ಕೆಳಕ್ಕೆ ಹೊಡೆದರೆಂದು ಅನರ್ಹರಾದಾಗ ಬಂದದ್ದು. ಆ ನಿಯಮವನ್ನೇ 2024ರಲ್ಲಿ ತೆಗೆದುಹಾಕಿದರು.

ಅಖಾಡದ ಹೊರಗಿನ ಕಥೆ ಬೇರೆ. 2015ರಲ್ಲಿ ಆಲ್ಬುಕರ್ಕಿಯಲ್ಲಿ ಕಾರು ಗುದ್ದಿ, ನಿಲ್ಲದೆ ಓಡಿಹೋದರು. ಇನ್ನೊಂದು ಕಾರಿನಲ್ಲಿದ್ದ ಗರ್ಭಿಣಿಯ ಕೈ ಮುರಿಯಿತು. ಯುಎಫ್‌ಸಿ ಪದವಿ ಕಿತ್ತುಕೊಂಡಿತು. ಇದನ್ನು ಯಾವ ಗೆಲುವೂ ಮುಚ್ಚಲಾರದು. 2016ರಲ್ಲಿ ಬೇರೆ ಎರಡು ನಿಷೇಧಿತ ಔಷಧಗಳು ಸಿಕ್ಕಿ ಒಂದು ವರ್ಷ ನಿಷೇಧ. 2017ರ ಜುಲೈನಲ್ಲಿ ಡೇನಿಯಲ್ ಕಾರ್ಮಿಯೆ ಅವರ ತಲೆಗೆ ಒದ್ದು ಪದವಿ ಮರಳಿ ಪಡೆದರು. ಪಂದ್ಯದ ಹಿಂದಿನ ದಿನ ತೂಕ ನೋಡಿದ ಮೇಲೆ ಕೊಟ್ಟ ಮೂತ್ರದಲ್ಲಿ ಟ್ಯುರಿನಾಬೋಲ್ ಎಂಬ ಸ್ಟೆರಾಯ್ಡ್‌ನ ಅಂಶ ಇತ್ತು. 2018ರ ಡಿಸೆಂಬರ್‌ನಲ್ಲಿ ಸಿಕ್ಕಿದ್ದೂ ಇದರದ್ದೇ ಅಂಶ.

ಈ ಟ್ಯುರಿನಾಬೋಲ್ ಹುಟ್ಟಿದ್ದು ಹಳೆಯ ಪೂರ್ವ ಜರ್ಮನಿಯಲ್ಲಿ. ಯೆನಾ ಊರಿನ ಯೆನಾಫಾರ್ಮ್ ಕಂಪನಿಯ ಮಾತ್ರೆ ಅದು. ಸರ್ಕಾರವೇ ನಿಂತು ಕ್ರೀಡಾಪಟುಗಳಿಗೆ ತಿನ್ನಿಸಿತು. ಎಳೆಯ ಹುಡುಗಿಯರಿಗೂ ವಿಟಮಿನ್ ಅಂತ ಹೇಳಿ ಕೊಟ್ಟರು. ಅವರಲ್ಲಿ ಎಷ್ಟೋ ಜನ ಜೀವನಪೂರ್ತಿ ಅದರ ನೋವು ಉಂಡಿದ್ದಾರೆ.

ಇಂಥ ಮಾತ್ರೆ ಒಳಗೆ ಹೋದ ಮೇಲೆ ಲಿವರ್ ಅದನ್ನು ಬೇರೆ ಬೇರೆ ರೂಪಕ್ಕೆ ತಿರುಗಿಸುತ್ತದೆ. ಈ ರೂಪಗಳಿಗೆ ಮೆಟಬೊಲೈಟ್ ಅಂತ ಹೆಸರು. ಕೆಲವು ಬೇಗ ಹೊರಗೆ ಹೋಗುತ್ತವೆ, ಕೆಲವು ತುಂಬಾ ದಿನ ಉಳಿಯುತ್ತವೆ. ಟ್ಯುರಿನಾಬೋಲ್‌ನ ಬಹುಕಾಲ ಉಳಿಯುವ ರೂಪಗಳನ್ನು ಮಾಸ್ಕೋ ಲ್ಯಾಬಿನ ಸೋಬೊಲೆವ್ಸ್ಕಿ ಮತ್ತು ರೊಡ್ಚೆಂಕೋವ್ 2012ರಲ್ಲಿ ಪ್ರಕಟಿಸಿದರು. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗಳಿಗೆ ಯಾವುದನ್ನು ಹುಡುಕಬೇಕು ಅನ್ನುವುದು ಈಗ ಗೊತ್ತಾಯಿತು. 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ತೆಗೆದಿಟ್ಟಿದ್ದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಎಷ್ಟೋ ಪದಕಗಳು ವಾಪಸ್ ಹೋದವು.

ಜೋನ್ಸ್ ಅವರಲ್ಲಿ ಸಿಕ್ಕಿದ್ದು ಇಂಥ ದೀರ್ಘಾಯುಷಿ ಮೆಟಬೊಲೈಟ್ ಒಂದೇ. ಅದರ ಹೆಸರು ಎಂ3. ಮೂಲ ಔಷಧ ಸಿಗಲಿಲ್ಲ, ಬೇಗ ಹೋಗುವ ರೂಪಗಳೂ ಸಿಗಲಿಲ್ಲ. ಮೊನ್ನೆ ಮೊನ್ನೆ ಮಾತ್ರೆ ನುಂಗಿದ್ದರೆ ಅವೂ ಇರಬೇಕಿತ್ತು, ಅಲ್ವಾ? ಆದರೆ ವಿಚಿತ್ರ ನೋಡಿ. ಈ ಎಂ3 ಒಮ್ಮೆ ಕಾಣುತ್ತದೆ, ಒಮ್ಮೆ ಕಾಣೆಯಾಗುತ್ತದೆ, ತಿಂಗಳುಗಳ ಮೇಲೆ ಮತ್ತೆ ಕಾಣುತ್ತದೆ. ಸಾಲ್ಟ್ ಲೇಕ್ ಸಿಟಿಯ ಲ್ಯಾಬ್ ಮುಖ್ಯಸ್ಥ ಡೇನಿಯಲ್ ಐಕ್ನರ್ ಅವರ ಪ್ರಕಾರ ಇದು ಹಳೆಯ ಸೇವನೆಯ ಉಳಿಕೆ. ಹೊಸದಾಗಿ ತೆಗೆದುಕೊಂಡ ಗುರುತು ಇಲ್ಲ. ಕೊಬ್ಬಿನಲ್ಲಿ ಕೂತ ಅಂಶ ಆಗೊಮ್ಮೆ ಈಗೊಮ್ಮೆ ಹೊರಗೆ ಬರುತ್ತಿರಬಹುದು. ಅದೂ ಅಲ್ಲದೆ ಫೈಟರ್‌ಗಳು ತೂಕ ಇಳಿಸಲು ಮೈಯ ನೀರನ್ನೇ ಬಸಿಯುತ್ತಾರೆ. ಆಗ ಮೂತ್ರ ಗಟ್ಟಿಯಾಗುತ್ತದೆ, ಅಷ್ಟೇ ಅಂಶ ಜಾಸ್ತಿಯಾಗಿ ಕಾಣುತ್ತದೆ.

ಈ ವಿವರಣೆ ನನಗೆ ಸರಿ ಅನ್ನಿಸುತ್ತದೆ. ಆದರೆ ಪೂರ್ತಿ ಸಮಾಧಾನ ಇಲ್ಲ. ಆರೋಗ್ಯವಂತರಿಗೆ ಸ್ಟೆರಾಯ್ಡ್ ತಿನ್ನಿಸಿ ವರ್ಷಗಟ್ಟಲೆ ಮೂತ್ರ ಅಳೆಯುವ ಪ್ರಯೋಗ ಸುಲಭವಲ್ಲ, ಮಾಡುವುದೂ ತಪ್ಪು. ಹಾಗಾಗಿ ಕೈಯಲ್ಲಿರುವ ಪುರಾವೆ ಕಡಿಮೆ. ಇನ್ನೊಂದು ಪ್ರಶ್ನೆ ಬಾಕಿಯೇ ಇದೆ: ಉಳಿಕೆ ಸರಿ, ಮೊದಲ ಸಲ ಅದು ಒಳಗೆ ಹೋದದ್ದು ಹೇಗೆ? 2017ರ ಆ ಪ್ರಕರಣದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಮಧ್ಯಸ್ಥಗಾರರು ಇದು ಬೇಕೆಂದು ಮಾಡಿದ್ದಲ್ಲ ಎಂದು ಹೇಳಿ 15 ತಿಂಗಳ ನಿಷೇಧ ಹಾಕಿದರು. ಎಲ್ಲಿಂದ ಬಂತು ಅನ್ನುವುದು ತಿಳಿಯಲೇ ಇಲ್ಲ. ಅನುಮಾನ ಪಡುವವರನ್ನು ನಾನು ತಪ್ಪು ಅನ್ನಲಾರೆ.

ಇಂಗಲ್‌ವುಡ್‌ನಲ್ಲಿ ಜೋನ್ಸ್ ಎದುರಾಳಿ ಅಲೆಕ್ಸಾಂಡರ್ ಗುಸ್ಟಾಫ್ಸನ್ ಅವರನ್ನು ಸೋಲಿಸಿದರು. 2023ರಲ್ಲಿ ಹೆವಿವೇಟ್ ಪದವಿಯನ್ನೂ ಗೆದ್ದರು. ನನಗೆ ಮಾತ್ರ 2017ರ ಆ ರಾತ್ರಿ ಕಾರ್ಮಿಯೆ ಅತ್ತದ್ದೇ ನೆನಪಾಗುತ್ತದೆ. ಒದೆ ತಿಂದ ತಲೆ ಇನ್ನೂ ತಿರುಗುತ್ತಿತ್ತು, ಆಗಲೇ ಅವರ ಮುಂದೆ ಮೈಕ್ ಹಿಡಿದಿದ್ದರು. ಆಮೇಲೆ ಪದವಿ ಅವರಿಗೇ ವಾಪಸ್ ಬಂತು. ದಾಖಲೆಯಲ್ಲಿ ಆ ಪಂದ್ಯದ ಮುಂದೆ ಗೆಲುವೂ ಇಲ್ಲ, ಸೋಲೂ ಇಲ್ಲ. ‘ನೋ ಕಾಂಟೆಸ್ಟ್’ ಅಂತ ಇದೆ.