ಅಕ್ವೇರಿಯಂಗೆ ಬೆಳದಿಂಗಳು: ಎಷ್ಟು ಎಲ್‌ಇಡಿ, ಯಾವ ರೆಸಿಸ್ಟರ್?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡಡಿ ಉದ್ದದ ಮೀನಿನ ತೊಟ್ಟಿ ಇದೆ. ರಾತ್ರಿ ಹೊತ್ತು ನೋಡೋಕೆ ನೀಲಿ ಎಲ್‌ಇಡಿ ಹಾಕೋಣ ಅಂತಿದ್ದೇನೆ. ಹಳೇ 12 ವೋಲ್ಟ್ ಅಡಾಪ್ಟರ್ ಒಂದು ಸುಮ್ನೆ ಬಿದ್ದಿದೆ. ಇದಕ್ಕೆ ಎಷ್ಟು ಎಲ್‌ಇಡಿ ಹಾಕಬಹುದು, ರೆಸಿಸ್ಟರ್ ಎಷ್ಟರದ್ದು ಬೇಕು, ರಾತ್ರಿಯಿಡೀ ಉರಿಸಿದರೆ ಮೀನುಗಳಿಗೆ ತೊಂದರೆ ಆಗುತ್ತಾ?

ಉತ್ತರ: ಮೂರು ನೀಲಿ ಎಲ್‌ಇಡಿ ಸಾಕು. ಮೂರನ್ನೂ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸಿ, ಜೊತೆಗೆ 1000 ಓಮ್‌ನ ಒಂದು ರೆಸಿಸ್ಟರ್ (ಹರಿಯುವ ಕರೆಂಟನ್ನು ಮಿತಿಯಲ್ಲಿಡುವ ಬಿಡಿಭಾಗ, ಓಮ್ ಅದರ ಅಳತೆ) ಹಾಕಿ. ರಾತ್ರಿಯಿಡೀ ಉರಿಸಬೇಡಿ.

ಲೆಕ್ಕ ಸುಲಭ. ಸಾಮಾನ್ಯ 5 ಮಿಲಿಮೀಟರ್ ನೀಲಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕು. ಮೂರು ಸೇರಿದರೆ 9.6. ಹನ್ನೆರಡರಲ್ಲಿ ಅದನ್ನು ಕಳೆದರೆ 2.4 ವೋಲ್ಟ್ ಉಳಿಯುತ್ತೆ, ಅದನ್ನು ರೆಸಿಸ್ಟರ್ ಹೊರಬೇಕು. ಈ 2.4 ಅನ್ನು ನಿಮಗೆ ಬೇಕಾದ ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟರ್ ಎಷ್ಟು ಓಮ್ ಇರಬೇಕು ಅಂತ ಸಿಗುತ್ತೆ. ಇಂಥ ಎಲ್‌ಇಡಿ ಸಾಮಾನ್ಯವಾಗಿ ತಡೆದುಕೊಳ್ಳುವುದು 20 ಮಿಲಿಆಂಪಿಯರ್, ಅಂದರೆ 0.02 ಆಂಪಿಯರ್. ಆ ಲೆಕ್ಕಕ್ಕೆ 120 ಓಮ್ ಬರುತ್ತೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 120 ಓಮ್ ಹಾಕಿಬಿಡುತ್ತಾರೆ, ಆಮೇಲೆ ರಾತ್ರಿ ತೊಟ್ಟಿ ಕಣ್ಣು ಕುಕ್ಕುವ ಹಾಗೆ ನೀಲಿಯಾಗಿ ಹೊಳೆಯುತ್ತೆ. ಅದು ಬೆಳದಿಂಗಳಲ್ಲ. ಎಲ್‌ಇಡಿ ಎಷ್ಟು ಕರೆಂಟು ತಡೆದುಕೊಳ್ಳುತ್ತೆ ಅಂತ ನೋಡಿ ರೆಸಿಸ್ಟರ್ ಆರಿಸಬೇಡಿ, ಮೀನಿಗೆ ಎಷ್ಟು ಕತ್ತಲು ಬೇಕು ಅಂತ ನೋಡಿ ಆರಿಸಿ.

1000 ಓಮ್ ಹಾಕಿದರೆ ಎರಡು ಮೂರು ಮಿಲಿಆಂಪಿಯರ್ ಹರಿಯುತ್ತೆ. ಕಾಗದದ ಮೇಲೆ ತೀರಾ ಕಡಿಮೆ ಅನಿಸುತ್ತೆ, ಆದರೆ ಕೋಣೆಯ ದೀಪ ಆರಿಸಿ ಐದು ಹತ್ತು ನಿಮಿಷ ಕೂತು ನೋಡಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮೀನುಗಳ ಓಡಾಟ ಚೆನ್ನಾಗಿ ಕಾಣುತ್ತೆ. ಇನ್ನೂ ಜಾಸ್ತಿ ಅನಿಸಿದರೆ 2200 ಓಮ್ ಹಾಕಿ. ಹುಣ್ಣಿಮೆ ಚಂದ್ರನ ಬೆಳಕು ಸೂರ್ಯನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಅಷ್ಟರಲ್ಲೇ ನಮಗೆ ದಾರಿ ಕಾಣುತ್ತೆ ಅಲ್ವಾ?

ಇನ್ನೊಂದು ವಿಷಯ. ನಿಜವಾದ ಬೆಳದಿಂಗಳು ನೀಲಿ ಅಲ್ಲವೇ ಅಲ್ಲ. ಚಂದ್ರನ ಮೇಲೆ ಬಿದ್ದು ವಾಪಸು ಬರುವ ಬಿಸಿಲೇ ಅದು, ಬಣ್ಣದಲ್ಲಿ ಬಿಸಿಲಿಗಿಂತ ಒಂಚೂರು ಕೆಂಪು ಕಡೆಗೇ ವಾಲಿರುತ್ತೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನ ಬೇರೆ ಜೀವಕೋಶಗಳು ಕೆಲಸ ಮಾಡುತ್ತವೆ, ಅವಕ್ಕೆ ನೀಲಿ-ಹಸಿರು ಭಾಗ ಹೆಚ್ಚು ಗೊತ್ತಾಗುತ್ತೆ, ಹಾಗಾಗಿ ರಾತ್ರಿ ಎಲ್ಲವೂ ನಸುನೀಲಿಯಾಗಿ ಕಾಣುತ್ತೆ. ಅಂದರೆ ನೀಲಿ ಎಲ್‌ಇಡಿ ನಮ್ಮ ಕಣ್ಣಿನ ಸಂತೋಷಕ್ಕೆ. ಎರಡು ನೀಲಿಗೆ ಒಂದು ಬಿಳಿ ಸೇರಿಸಿದರೆ ನನಗಂತೂ ಇನ್ನೂ ಚೆನ್ನಾಗಿ ಕಾಣುತ್ತೆ. ಬಿಳಿಗೂ ಹೆಚ್ಚುಕಡಿಮೆ ಅಷ್ಟೇ ವೋಲ್ಟ್ ಬೇಕು, ಹಾಗಾಗಿ ಲೆಕ್ಕ ಬದಲಾಗಲ್ಲ.

ಅಡಾಪ್ಟರ್ ಬಗ್ಗೆ ಒಂದು ಎಚ್ಚರಿಕೆ. ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ ಸಾಲದು, ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಅಂತಲೂ ಇರಬೇಕು. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಕಾಲದ ಭಾರವಾದ ಅಡಾಪ್ಟರ್ ಆದರೆ, ಅದರಿಂದ ಎಳೆಯುವ ಕರೆಂಟು ಕಡಿಮೆ ಇದ್ದಾಗ ಅದು 15-16 ವೋಲ್ಟ್ ಕೂಡ ಕೊಡಬಹುದು. ಜೋಡಿಸುವ ಮುಂಚೆ ಮಲ್ಟಿಮೀಟರ್‌ನಲ್ಲಿ ಅಳೆದು ನೋಡಿ, ಬಂದ ಸಂಖ್ಯೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಡಾಪ್ಟರ್ ಮೇಲೆ 1 ಆಂಪಿಯರ್ ಅಂತ ಇದ್ದರೆ ಹೆದರಬೇಡಿ. ಅದು ಕೊಡಬಲ್ಲ ಗರಿಷ್ಠ ಕರೆಂಟು ಅಷ್ಟೇ, ಎಷ್ಟು ಹರಿಯಬೇಕು ಅನ್ನೋದನ್ನು ನಿಮ್ಮ ರೆಸಿಸ್ಟರ್ ನಿರ್ಧರಿಸುತ್ತೆ.

ಜೋಡಿಸುವಾಗ ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ, ಗಿಡ್ಡ ಕಾಲು ಮೈನಸ್ ಕಡೆಗೆ. ಕಾಲು ಕತ್ತರಿಸಿ ಹೋಗಿದ್ದರೆ ಎಲ್‌ಇಡಿಯ ಅಂಚು ನೋಡಿ, ಚಪ್ಪಟೆ ಇರುವ ಕಡೆ ಮೈನಸ್. ನಾಲ್ಕನೆಯದನ್ನು ಇದೇ ಸಾಲಿಗೆ ಸೇರಿಸಬೇಡಿ. ನಾಲ್ಕಕ್ಕೆ ಬೇಕಾದ ವೋಲ್ಟೇಜು ಹನ್ನೆರಡನ್ನು ದಾಟುತ್ತೆ, ಸರಿಯಾಗಿ ಉರಿಯಲ್ಲ. ದೊಡ್ಡ ತೊಟ್ಟಿಗೆ ಇನ್ನೂ ಬೇಕಿದ್ದರೆ ಮೂರರ ಇನ್ನೊಂದು ಸಾಲು ಮಾಡಿ, ಅದಕ್ಕೆ ಬೇರೆಯೇ ರೆಸಿಸ್ಟರ್ ಕೊಡಿ. ಎರಡು ಸಾಲಿಗೂ ಒಂದೇ ರೆಸಿಸ್ಟರ್ ಹಾಕಿದರೆ ಒಂದು ಸಾಲು ಜಾಸ್ತಿ ಕರೆಂಟು ಎಳೆದುಕೊಳ್ಳುತ್ತೆ, ಇನ್ನೊಂದು ಮಂಕಾಗುತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನಿಂದ ದೂರ ಇಡುವುದು. ಎಲ್‌ಇಡಿಗಳನ್ನು ತೊಟ್ಟಿಯ ಮುಚ್ಚಳದ ಗಾಜಿನ ಮೇಲೆ ಕೂರಿಸಿ, ಕೆಳಗೆ ಅಲ್ಲ. ಬೆಸುಗೆ ಹಾಕಿದ ಪ್ರತಿ ಜಾಗಕ್ಕೂ ಹೀಟ್‌ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಸಿಲಿಕೋನ್ ಬಳಿಯುವುದಾದರೆ ವಿನೆಗರ್ ವಾಸನೆ ಬರುವ ಬಗೆಯನ್ನು ತಾಮ್ರದ ವೈರಿಗೆ ತಾಗಿಸಬೇಡಿ. ಅದು ಒಣಗುವಾಗ ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತೆ. ವೈರು ಪ್ಲಗ್ಗಿಗೆ ಹೋಗುವ ಮುಂಚೆ ಸಾಕೆಟ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವ ಹಾಗೆ ಬಳುಕಿಸಿ, ಆಗ ವೈರಿನ ಮೇಲೆ ಹರಿದ ನೀರು ಸಾಕೆಟ್ ಒಳಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತೆ. ಅಡಾಪ್ಟರ್ ಇಲ್ಲದೆ, ಮನೆಯ ಮೇನ್ಸ್ ಕರೆಂಟಿನಿಂದ ನೇರವಾಗಿ ಎಲ್‌ಇಡಿ ಉರಿಸುವ ಸರ್ಕ್ಯೂಟ್‌ಗಳನ್ನು ತೊಟ್ಟಿಯ ಹತ್ತಿರ ತರಲೇಬೇಡಿ. ದಯವಿಟ್ಟು.

ಒಂದು ಖುಷಿಯ ವಿಷಯ ಹೇಳಲೇಬೇಕು. ಎಲ್‌ಇಡಿ ಚಿಕ್ಕ ಚುಕ್ಕಿಯಂಥ ಬೆಳಕು, ಹಾಗಾಗಿ ಫಿಲ್ಟರಿನಿಂದ ನೀರಿನ ಮೇಲೆ ಏಳುವ ಅಲೆಗಳು ತೊಟ್ಟಿಯ ತಳದ ಮರಳಿನ ಮೇಲೆ ಬೆಳಕಿನ ಗೆರೆಗಳಾಗಿ ಓಡಾಡುತ್ತವೆ. ಟ್ಯೂಬ್‌ಲೈಟಿನಲ್ಲಿ ಇದು ಹೀಗೆ ಸ್ಪಷ್ಟವಾಗಿ ಕಾಣಲ್ಲ. ಆ ಗೆರೆ ಬೇಡ, ಒಂದೇ ಸಮ ಬೆಳಕು ಬೇಕು ಅಂದರೆ ಎಲ್‌ಇಡಿಯ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಮಸುಕು ಮಾಡಿ.

ಈಗ ರಾತ್ರಿಯಿಡೀ ಉರಿಸುವ ಮಾತು. ಹೆಚ್ಚಿನ ಮೀನುಗಳಿಗೆ ಕಣ್ಣಿನ ರೆಪ್ಪೆ ಇಲ್ಲ, ಬೆಳಕು ಬಿದ್ದರೆ ಮುಚ್ಚಿಕೊಳ್ಳೋಕೆ ಆಗಲ್ಲ. ಅವೂ ವಿಶ್ರಾಂತಿ ತೆಗೆದುಕೊಳ್ಳುತ್ತವೆ, ಅದಕ್ಕೆ ನಿಜವಾದ ಕತ್ತಲು ಬೇಕು. ಅಡಾಪ್ಟರ್‌ಗೆ ಒಂದು ಟೈಮರ್ ಹಾಕಿ. ದೊಡ್ಡ ದೀಪ ಆರುವ ಅರ್ಧ ಗಂಟೆ ಮುಂಚೆ ಇದು ಹತ್ತಿಕೊಳ್ಳಲಿ, ಆಮೇಲೆ ಎರಡು ಮೂರು ಗಂಟೆ ಉರಿದು ಆರಲಿ. ಹೀಗೆ ಮಾಡಿದರೆ ಇನ್ನೊಂದು ಉಪಯೋಗವೂ ಇದೆ: ದೀಪ ಒಮ್ಮೆಲೇ ಆರಿ ಕಗ್ಗತ್ತಲಾದಾಗ ಮೀನುಗಳು ಗಾಬರಿಯಿಂದ ಗಾಜಿಗೆ ಢಿಕ್ಕಿ ಹೊಡೆಯುವುದು ಕಡಿಮೆಯಾಗುತ್ತೆ. ಇಷ್ಟು ಮಂದ ಬೆಳಕಿಗೆ ಪಾಚಿ ಹೆಚ್ಚುವ ಭಯ ಬೇಡ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿರುವ ಕ್ಯಾಟ್‌ಫಿಶ್, ಲೋಚ್ ಇದ್ದರೆ ಹೊರಗೆ ಬಂದು ಮರಳು ಕೆದಕೋದನ್ನು ನೋಡಬೇಕಾದ ಹೊತ್ತು ಇದೇ, ಅದಕ್ಕೆ ಆ ಎರಡು ಮೂರು ಗಂಟೆಯನ್ನು ನೀವು ಎಚ್ಚರ ಇರುವ ಹೊತ್ತಿಗೇ ಹೊಂದಿಸಿ.