ಸೋಮವಾರದ ನೀಲಿ ಮಾತ್ರೆ: ಹದಿಹರೆಯದವರ ಆರೋಗ್ಯ ಪಾಠಕ್ಕೊಂದು ಟಿಪ್ಪಣಿ

'ಆರೋಗ್ಯದ ನಿರ್ಧಾರಕ ಅಂಶಗಳು', ಅಂದರೆ ಒಬ್ಬರ ಆರೋಗ್ಯ ಹೇಗಿರುತ್ತದೆ ಅನ್ನುವುದನ್ನು ತೀರ್ಮಾನಿಸುವ ಸಂಗತಿಗಳು, ಅನ್ನುವ ಭಾಗವನ್ನು ಎಲ್ಲರೂ ಪಟ್ಟಿ ಮಾಡಿಯೇ ಓದುತ್ತೇವೆ. ಬಡತನ, ಶಿಕ್ಷಣ, ಲಿಂಗ, ಪರಿಸರ. ಬರೆದರೆ ಅಂಕ ಬರುತ್ತದೆ, ವಾರ ಕಳೆದರೆ ಮರೆತೂ ಹೋಗುತ್ತದೆ. ನನಗೆ ಇದು ತಲೆಗೆ ಹತ್ತಿದ್ದು ಒಂದು ಮಾತ್ರೆಯಿಂದ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಗೊತ್ತಿರುತ್ತದೆ, ವಾರಕ್ಕೊಮ್ಮೆ, ಸಾಮಾನ್ಯವಾಗಿ ಸೋಮವಾರ, ಬಿಸಿಯೂಟ ಆದ ಮೇಲೆ ರಕ್ತಹೀನತೆ ತಡೆಯಲು ಕೊಡುವ ಆ ನೀಲಿ ಮಾತ್ರೆ. ನಮ್ಮ ಕ್ಲಾಸಿನಲ್ಲಿ ಎಷ್ಟೋ ಮಾತ್ರೆಗಳು ಹೊಟ್ಟೆಗೆ ಹೋಗದೆ ಕಿಟಕಿಯಾಚೆ ಹೋಗುತ್ತಿದ್ದವು. ಯಾಕೆ ಹಾಗೆ ಅಂತ ಕೇಳುತ್ತಾ ಹೋದರೆ ಈ ಅಧ್ಯಾಯದ ಬಹುಪಾಲು ಅಲ್ಲೇ ಸಿಗುತ್ತದೆ.

ಮೊದಲು ವಯಸ್ಸಿನ ಲೆಕ್ಕ ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರು ಹದಿಹರೆಯದವರು, 15ರಿಂದ 24ರವರು ಯುವಕರು. ಎರಡನ್ನೂ ಸೇರಿಸಿ 10ರಿಂದ 24ರವರನ್ನು ಯುವಜನ ಅನ್ನುತ್ತಾರೆ. ಒಂದು ಅಂಕದ ಪ್ರಶ್ನೆಯಲ್ಲಿ ಇದೇ ಕೈ ಕೊಡುವುದು.

ಈಗ ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ (ರಕ್ತ ತಯಾರಾಗಲು ಬೇಕಾದ ಒಂದು ವಿಟಮಿನ್) ಇರುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 6ರಿಂದ 12ನೇ ತರಗತಿಯವರಿಗೆ ಕೊಡುತ್ತಾರೆ. ಜೊತೆಗೆ ವರ್ಷಕ್ಕೆ ಎರಡು ಸಲ 400 ಮಿಲಿಗ್ರಾಂ ಅಲ್ಬೆಂಡಜೋಲ್, ಅಂದರೆ ಜಂತುಹುಳುವಿನ ಮಾತ್ರೆ. ಕರುಳಲ್ಲಿ ಕೊಕ್ಕೆಹುಳು ಕೂತು ರಕ್ತ ಹೀರುತ್ತಿದ್ದರೆ ಮೇಲಿನಿಂದ ಎಷ್ಟು ಕಬ್ಬಿಣ ಹಾಕಿದರೂ ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ, ಅಲ್ವಾ? ಆ ಹುಳು ಬರುವುದು ಹೆಚ್ಚಾಗಿ ಬರಿಗಾಲಿನಿಂದ. ಶೌಚಾಲಯ ಇಲ್ಲದ ಕಡೆ ಮಣ್ಣಿನಲ್ಲಿರುವ ಮರಿಹುಳು ಪಾದದ ಚರ್ಮ ಕೊರೆದು ಒಳಗೆ ಹೋಗುತ್ತದೆ. ಚಪ್ಪಲಿ ಮತ್ತು ಶೌಚಾಲಯ ಕೂಡ ಹಿಮೋಗ್ಲೋಬಿನ್ (ರಕ್ತದಲ್ಲಿ ಕಬ್ಬಿಣ ಇರುವ ಕೆಂಪು ಅಂಶ) ವಿಷಯ ಅಂತ ನನಗೆ ಹೊಳೆದದ್ದು ಇಲ್ಲಿಯೇ.

ಅಂಕಿ ಬಳಸುವಾಗ ಎಚ್ಚರ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ (2019-21) 15ರಿಂದ 19ರ ಹುಡುಗಿಯರಲ್ಲಿ ಶೇ. 59.1 ಜನಕ್ಕೆ ರಕ್ತಹೀನತೆ ಕಂಡಿತು. ಹುಡುಗರಲ್ಲಿ ಶೇ. 31.1. ಹಿಂದಿನ ಸುತ್ತಿನಲ್ಲಿ ಹುಡುಗಿಯರದ್ದು 54.1 ಇತ್ತು. ಮಾತ್ರೆ ಕೊಟ್ಟೂ ಏರಿತೇ ಅಂತ ಗಾಬರಿಯಾಗುತ್ತದೆ. ಆದರೆ 2016-18ರ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಹದಿಹರೆಯದ ಹುಡುಗಿಯರಲ್ಲಿ ಸುಮಾರು ಶೇ. 40, ಹುಡುಗರಲ್ಲಿ ಶೇ. 18 ಮಾತ್ರ ಬಂತು. ಅಲ್ಲಿ ವಯಸ್ಸು 10ರಿಂದ 19. ಇನ್ನೊಂದು ವ್ಯತ್ಯಾಸ ರಕ್ತ ತೆಗೆದ ರೀತಿಯಲ್ಲಿದೆ. ಕುಟುಂಬ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ, ಪೋಷಣೆ ಸಮೀಕ್ಷೆಯಲ್ಲಿ ರಕ್ತನಾಳದಿಂದ. ಬೆರಳಿನ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ತೋರಿಸುವ ಸಾಧ್ಯತೆ ಇದೆ ಅಂತ ತಜ್ಞರು ವಾದಿಸುತ್ತಾರೆ. ಎರಡರಲ್ಲೂ ಬದಲಾಗದ ಒಂದು ವಿಷಯ ಅಂದರೆ ಹುಡುಗಿಯರ ಪಾಲು ಹುಡುಗರಿಗಿಂತ ತುಂಬಾ ಜಾಸ್ತಿ. ಉತ್ತರದಲ್ಲಿ ಅಂಕಿಯ ಪಕ್ಕ ಸಮೀಕ್ಷೆಯ ಹೆಸರು, ವಯಸ್ಸು ಬರೆಯಲು ಮರೆಯಬೇಡಿ.

ಪದರ ಪದರವಾಗಿ

ಈ ನಿರ್ಧಾರಕ ಅಂಶಗಳನ್ನು ತೋರಿಸಲು ಡಾಲ್‌ಗ್ರೆನ್ ಮತ್ತು ವೈಟ್‌ಹೆಡ್ ಎಂಬ ಸಂಶೋಧಕರು 1991ರಲ್ಲಿ ಕೊಟ್ಟ ಚಿತ್ರ ಕಾಮನಬಿಲ್ಲಿನಂತಿದೆ. ನಡುವೆ ಮನುಷ್ಯ, ಅವನ ವಯಸ್ಸು, ಲಿಂಗ. ಸುತ್ತ ಅಭ್ಯಾಸಗಳು, ಆಮೇಲೆ ನೆಂಟರು ಗೆಳೆಯರು, ಆಮೇಲೆ ಬದುಕುವ ಕೆಲಸ ಮಾಡುವ ಜಾಗ, ಹೊರಗೆ ಸಮಾಜ ಮತ್ತು ಆರ್ಥಿಕತೆ. ಚಿತ್ರ ಬಿಡಿಸುವುದು ಸುಲಭ. ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ನಡುವೆ ನಿಲ್ಲಿಸಿ ನೋಡಿ.

ಅವಳಿಗೆ ಮುಟ್ಟು ಶುರುವಾಗಿದೆ, ತಿಂಗಳು ತಿಂಗಳು ಕಬ್ಬಿಣ ಹೋಗುತ್ತದೆ. ಅದೇ ಹೊತ್ತಿಗೆ ಮೈ ಬೆಳೆಯುತ್ತಿದೆ. ಮನೆಯಲ್ಲಿ ಗಂಡಸರು ಉಂಡ ಮೇಲೆ ಉಳಿದದ್ದು ಇವಳಿಗೂ ಅಮ್ಮನಿಗೂ. ಸೊಪ್ಪು, ಕಾಳು ಇದ್ದರೂ ಊಟದ ಬೆನ್ನಿಗೇ ಟೀ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ರಾಗಿಯಲ್ಲಿ ಕಬ್ಬಿಣ ಇದೆ, ಅದನ್ನು ತಡೆಯುವ ಅಂಶಗಳೂ ಇವೆ. ಮೊಳಕೆ ಕಟ್ಟಿದರೆ ಆ ತಡೆ ಕಡಿಮೆಯಾಗುತ್ತದೆ. ಸಾರಿಗೆ ನಿಂಬೆಹುಳಿ ಹಿಂಡಿದರೆ, ಜೊತೆಗೆ ನೆಲ್ಲಿಕಾಯಿ ತಿಂದರೆ ಇನ್ನೂ ಒಳ್ಳೆಯದು. ನಮ್ಮ ಅಜ್ಜಿ ಹುರುಳಿ ಮೊಳಕೆ ಸಾರಿಗೆ ನಿಂಬೆ ಹಿಂಡುತ್ತಿದ್ದದ್ದು ರುಚಿಗೆ. ವಿಟಮಿನ್ ಸಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಇನ್ನೂ ಹೊರಗೆ ಹೋದರೆ ಮದುವೆ. ಅದೇ ಕುಟುಂಬ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3 ಜನರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ರಕ್ತ ಕಡಿಮೆ ಇರುವ ಹುಡುಗಿ ಬೇಗ ಬಸುರಿಯಾದರೆ ತೊಂದರೆ ಅವಳಿಗಷ್ಟೇ ಅಲ್ಲ, ಮಗುವೂ ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಕಿಟಕಿಯಾಚೆ ಯಾಕೆ?

ಒಂದು ಕಾರಣ ಹೊಟ್ಟೆ ತೊಳಸುವುದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಜಾಸ್ತಿ. ಮಲ ಕಪ್ಪಗಾಗುತ್ತದೆ, ಅದರಿಂದ ಹಾನಿ ಇಲ್ಲ, ಆದರೆ ಮೊದಲೇ ಹೇಳದಿದ್ದರೆ ಮಕ್ಕಳು ಹೆದರುತ್ತಾರೆ. 2013ರಲ್ಲಿ ದೆಹಲಿಯ ಶಾಲೆಗಳಲ್ಲಿ ಈ ಮಾತ್ರೆ ಕೊಟ್ಟಾಗ ಹೊಟ್ಟೆನೋವು, ವಾಂತಿ ಅಂತ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದ ಸುದ್ದಿ ದೊಡ್ಡದಾಗಿತ್ತು. ಅಂಥ ಒಂದು ಸುದ್ದಿ ಸಾಕು, ಮನೆಯವರು 'ತಗೋಬೇಡ' ಅಂದುಬಿಡುತ್ತಾರೆ. ಇನ್ನೊಂದು ಕಾರಣ ನಾಚಿಕೆಯದು. ಬಸುರಿಯರಿಗೆ ಕೊಡುವ ಮಾತ್ರೆ ಕೆಂಪು. ಅದರಿಂದ ಬೇರೆಯಾಗಿ ಕಾಣಲಿ ಅಂತಲೇ ಇದನ್ನು ನೀಲಿ ಮಾಡಿದ್ದು, ಆದರೂ ಅದೇ ಮಾತ್ರೆ ಅಂದುಕೊಂಡು ಹುಡುಗಿಯರು ನಾಚಿಕೊಳ್ಳಬಹುದು. ನಾಚಿಕೆಯೂ ಒಂದು ನಿರ್ಧಾರಕ ಅಂತ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ ನೋಡಿ.

ಆರೋಗ್ಯ ಶಿಕ್ಷಣಕ್ಕೂ ಆರೋಗ್ಯ ವರ್ಧನೆಗೂ ವ್ಯತ್ಯಾಸ ಇಲ್ಲೇ ಗೊತ್ತಾಗುತ್ತದೆ. 'ಮಾತ್ರೆ ತಗೊಳ್ಳಿ, ಒಳ್ಳೆಯದು' ಅಂತ ಭಾಷಣ ಮಾಡಿದರೆ ಅದು ಶಿಕ್ಷಣ. ಊಟ ಆದ ಮೇಲೆಯೇ ಕೊಡುವುದು, ಕುಡಿಯಲು ಶುದ್ಧ ನೀರು ಇಡುವುದು, ಮೇಷ್ಟ್ರೂ ಮಕ್ಕಳೆದುರು ಒಂದು ನುಂಗುವುದು, ತಾಯಂದಿರ ಸಭೆಯಲ್ಲಿ ಕಪ್ಪು ಮಲದ ಮಾತು ಮೊದಲೇ ಆಡಿಬಿಡುವುದು, ಇದೆಲ್ಲ ವರ್ಧನೆ. ಆರೋಗ್ಯ ವರ್ಧನೆಯ ಅಂತಾರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1986ರ ಒಟ್ಟಾವಾ ಸನ್ನದು ಹೇಳಿದ ಐದು ದಾರಿಗಳು ನೆನಪಿರಲಿ: ಆರೋಗ್ಯಕ್ಕೆ ಒತ್ತಾಸೆಯಾಗುವ ನೀತಿ, ಪೂರಕ ವಾತಾವರಣ, ಸಮುದಾಯದ ಪಾಲುಗೊಳ್ಳುವಿಕೆ, ವೈಯಕ್ತಿಕ ಕೌಶಲ, ಸೇವೆಗಳ ಮರುಹೊಂದಿಕೆ. ಕೊನೆಯದಕ್ಕೆ ನಮ್ಮಲ್ಲೇ ಉದಾಹರಣೆ ಇದೆ, ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಪೋಷಣೆಯ ಜೊತೆ ಮಾನಸಿಕ ಆರೋಗ್ಯ, ವ್ಯಸನ, ಹಿಂಸೆಯಂಥ ವಿಷಯಗಳನ್ನೂ ಸೇರಿಸಿಕೊಂಡಿದೆ. ಅದಕ್ಕೆ ಬೇರೆಯೇ ಟಿಪ್ಪಣಿ ಬೇಕು.

ಒಂದು ಕೊರಗು ನನಗೆ ಇನ್ನೂ ಉಳಿದಿದೆ. ಶಾಲೆ ಬಿಟ್ಟ ಹುಡುಗಿಗೆ ಈ ಮಾತ್ರೆ ಅಂಗನವಾಡಿಯಲ್ಲಿ ಸಿಗುತ್ತದೆ. ಶಾಲೆ ಬಿಟ್ಟ ಹುಡುಗನಿಗೆ ಈ ಯೋಜನೆಯಲ್ಲಿ ಜಾಗವೇ ಇಲ್ಲ. ನಮ್ಮ ಜೊತೆ ಓದುತ್ತಿದ್ದವನೊಬ್ಬ ಹತ್ತನೇ ಕ್ಲಾಸ್ ಫೇಲಾಗಿ ಪಂಕ್ಚರ್ ಅಂಗಡಿ ಸೇರಿದ. ಬೆಳಿಗ್ಗೆ ಟೀ-ಬನ್ನು, ಮಧ್ಯಾಹ್ನ ಮತ್ತೆ ಟೀ. ಅವನಿಗೆ ಸೋಮವಾರ ನಿಂತುಹೋಯಿತು. ಪರೀಕ್ಷೆಗೆ ಓದುವಾಗ ಇದನ್ನೊಂದು ಪ್ರಶ್ನೆಯಾಗಿ ಇಟ್ಟುಕೊಳ್ಳಿ: ಅವನ ಹತ್ತಿರ ಯಾರು ಹೋಗಬೇಕು, ಅಂಗಡಿಯ ಯಜಮಾನನೋ, ಆಶಾ ಕಾರ್ಯಕರ್ತೆಯೋ, ಊರಿನ ಯುವಕ ಸಂಘವೋ?